ಗರಡಿ ಮಣ್ಣಿನ ಪಾಲು

ಇನ್ನೊಬ್ಬರ ಮೂತ್ರ ಪರೀಕ್ಷಿಸಿ ಸಂಬಳ ತೆಗೆದುಕೊಳ್ಳುವವಳಿಗೆ ಮದುವೆ ಮನೆಯಲ್ಲಿ ಮರ್ಯಾದೆ ಕಡಿಮೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ‘ಏನು ಕೆಲಸ?’ ಎಂದು ಕೇಳುತ್ತಾರೆ, ಹೇಳಿದ ಮೇಲೆ ತಮ್ಮ ಎಲೆಯನ್ನು ತುಸು ಆಚೆ ಸರಿಸಿಕೊಳ್ಳುತ್ತಾರೆ. ನನಗೆ ಇದೆಲ್ಲ ರೂಢಿಯಾಗಿದೆ. ಧಾರವಾಡದ ಹೊರಗಿನ ಗುಡ್ಡದ ಮೇಲೆ ಕ್ರೀಡಾಪಟುಗಳ ಔಷಧ ಪರೀಕ್ಷಾಲಯ ತೆರೆದಾಗಿನಿಂದ ನಾನು ಅಲ್ಲಿ ವಿಜ್ಞಾನಿ. ಓಟಗಾರರು, ಕಬಡ್ಡಿಯವರು, ಈಚೆಗೆ ದೇಶಕ್ಕೆಲ್ಲ ಹುಚ್ಚು ಹಿಡಿಸಿರುವ ಕುಸ್ತಿ ಲೀಗಿನ ಪೈಲವಾನರು, ಎಲ್ಲರ ಬಾಟಲಿಗಳೂ ಸೀಲಾಗಿ ನಮ್ಮಲ್ಲಿಗೆ ಬರುತ್ತವೆ. ಮೇಲೆ ಹೆಸರಿರುವುದಿಲ್ಲ, ಬರೀ ಅಂಕಿ. ಸಿಕ್ಕಿಬಿದ್ದವರೆಲ್ಲ ಹೇಳುವುದು ಒಂದೇ ಮಾತು: ‘ನಾನೇನೂ ತೆಗೆದುಕೊಂಡಿಲ್ಲ.’ ಆ ಮಾತಿಗೆ ಮರುಗುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು.

ಒಬ್ಬರ ಮೂತ್ರವನ್ನು ಎರಡು ಬಾಟಲಿಗೆ ಹಂಚುವುದು ನಿಯಮ. ಮೊದಲನೆಯದರಲ್ಲಿ ಔಷಧ ಕಂಡರೆ, ಎರಡನೆಯದನ್ನು ಒಡೆಯುವಾಗ ಎದುರಿಗೆ ಬಂದು ಕೂರುವ ಹಕ್ಕು ಆಟಗಾರರಿಗಿದೆ. ಬರುವವರು ಅಪರೂಪ. ಹೆಚ್ಚೆಂದರೆ ವಕೀಲರನ್ನು ಕಳಿಸುತ್ತಾರೆ. ಕಸ್ತೂರಿ ಮಾತ್ರ ತಾಯಿಯನ್ನು ಕರೆದುಕೊಂಡು ಬಂದಳು.

ಮುಧೋಳದ ಕಡೆಯ ಗೊಡಚಿಹಾಳದವಳು. ಇಪ್ಪತ್ನಾಲ್ಕರ ಹುಡುಗಿ, ಲೀಗಿನ ಫೈನಲ್‌ನಲ್ಲಿ ಸಾಂಗ್ಲಿಯ ಮೃಣಾಲ ಘೋರ್ಪಡೆಯನ್ನು ಚಿತ್ ಮಾಡಿ ಗದೆ ಗೆದ್ದವಳು. ನನಗೆ ಮೊದಲು ಗಮನಕ್ಕೆ ಬಂದದ್ದು ಅವಳ ದನಿ. ಅದು ಒಡೆದ ದನಿ, ಹದಿನಾರರ ಹುಡುಗರದಿರುತ್ತದಲ್ಲ, ಹಾಗೆ. ತಾಯಿ ನೀಲವ್ವ ಬುತ್ತಿಯ ಗಂಟನ್ನು ನಮ್ಮ ಯಂತ್ರದ ಪಕ್ಕದಲ್ಲೇ ಇಟ್ಟಳು. ನಾನು ಅದನ್ನು ತೆಗೆಸಬೇಕಾಯಿತು.

“ನಮ್ಮ ಹುಡುಗಿ ಏನೂ ತಿಂದಿಲ್ರಿ ಮೇಡಂ,” ಎಂದಳು ನೀಲವ್ವ.

“ಎಲ್ಲಾರೂ ಹಂಗ ಅಂತಾರವ್ವ. ಮನ್ಯಾಗ ಏನ್ ಉಣ್ತೀರಿ?”

“ಏನ್ ಉಣ್ಣೂದ್ರಿ? ಜ್ವಾಳದ ರೊಟ್ಟಿ, ಕಾಳಪಲ್ಯ, ಬೆಲ್ಲ. ಎಮ್ಮಿ ಐತಿ, ಹಾಲಿಗೆ ಕೊರತಿ ಇಲ್ಲ.”

“ಆ ಎಮ್ಮಿ ಏನ್ ತಿಂತೈತಿ?”

“ಕಣಕಿ ರೀ. ಜ್ವಾಳದ್ದ.” ಎಮ್ಮೆಯ ಮೇಲೂ ಆರೋಪ ಬರುತ್ತದೇನೋ ಎಂಬಂತೆ ಅವಳು ನನ್ನನ್ನು ನೋಡಿದಳು.

ನಾನು ಸುಮ್ಮನೆ ಕೇಳಿದ್ದಲ್ಲ. ಇಂಗಾಲದಲ್ಲಿ ಎರಡು ಬಗೆ, ಒಂದು ಹಗುರ, ಇನ್ನೊಂದು ಕೂದಲೆಳೆಯಷ್ಟು ಭಾರ. ಜೋಳ, ಕಬ್ಬು ಗಾಳಿಯಿಂದ ಇಂಗಾಲ ಹೀರುವ ರೀತಿಯೇ ಬೇರೆ. ಅವುಗಳಲ್ಲಿ ಭಾರದ್ದು ಸ್ವಲ್ಪ ಹೆಚ್ಚು ಉಳಿಯುತ್ತದೆ. ಸೋಯಾ, ಶೇಂಗಾ, ಕುಸುಬೆಯಲ್ಲಿ ಕಡಿಮೆ. ನಾವು ಉಂಡದ್ದೇ ನಮ್ಮ ಮೈಯಾಗುವುದರಿಂದ, ಜೋಳ ಉಂಡವರ ಮೈಯಲ್ಲಿ ಹುಟ್ಟಿದ ಹಾರ್ಮೋನಿನಲ್ಲೂ ಜೋಳದ ಇಂಗಾಲವೇ ಇರಬೇಕು. ಟೆಸ್ಟೋಸ್ಟಿರಾನ್ ಎಂಬುದು ಸ್ನಾಯು ಬೆಳೆಸುವ ಹಾರ್ಮೋನು. ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಚೂರು. ಕಳ್ಳದಾರಿಯಲ್ಲಿ ಸಿಗುವ ಅದರ ಗುಳಿಗೆ, ಮುಲಾಮುಗಳನ್ನು ಕಾರ್ಖಾನೆಗಳಲ್ಲಿ ಸೋಯಾದ ಎಣ್ಣೆಯಂಶದಿಂದ ಮಾಡುತ್ತಾರೆ. ಹಾಗಾಗಿ ನಮ್ಮ ಯಂತ್ರ ಆ ಹಾರ್ಮೋನು ಎಷ್ಟಿದೆ ಎಂದಷ್ಟೇ ಅಲ್ಲ, ಯಾವ ಬೆಳೆಯಿಂದ ಬಂತು ಎಂದೂ ಹೇಳಬಲ್ಲದು. ಕಸ್ತೂರಿಯ ಮೈಯೆಲ್ಲ ಜೋಳದ್ದು, ಹಾರ್ಮೋನು ಮಾತ್ರ ಎಣ್ಣೆಕಾಳಿನದು. ಎರಡನೇ ಬಾಟಲಿಯೂ ಅದನ್ನೇ ಹೇಳಿತು.

“ನಾಕು ವರ್ಷ ಹೊರಗ ಹಾಕ್ತಾರಂತ, ಖರೇನ್ರಿ?” ಕಸ್ತೂರಿ ಕೇಳಿದಳು.

“ಹೌದು.”

ಅವಳು ಅಳಲಿಲ್ಲ. ನೀಲವ್ವ ಎದ್ದು ನಿಂತಳು. “ಆಕಿ ಉಂಡದ್ದ ನಾನೂ ಉಂಡೀನಿ. ಒಂದ ಗಡಗ್ಯಾಗಿನ ಹಾಲು ಕುಡಿತೀವಿ. ನನ್ನದೂ ನೋಡ್ರಿ, ಎಲ್ಲಿ ಐತಿ ಬಾಟ್ಲಿ?”

ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ. ಆದರೆ ಆಕೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲು ಎಲ್ಲಿ ಎಂದು ಕೇಳುತ್ತಿದ್ದಳು. ಬಾಟಲಿ ಕೊಟ್ಟೆ. ಹೋಗುವ ಮೊದಲು ನನ್ನನ್ನು ಬಾಗಿಲ ಮರೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: “ವರ್ಷದ ಮ್ಯಾಲ ಆತ್ರಿ, ಆಕೀಗೆ ಮುಟ್ಟು ನಿಂತು. ತಾಲೀಮು ಜಾಸ್ತಿ ಆತು, ಅದಕ್ಕ ಅಂತ ನಾವು ಸುಮ್ಮನಿದ್ವಿ. ಟೀಮಿನ್ಯಾಗ ಹುಡುಗ್ಯಾರು ಆಕಿ ಗಂಡೋ ಹೆಣ್ಣೋ ಅಂತ ಆಡ್ಕೊಂಡು ನಗತಾರಂತ.”

ನೀಲವ್ವನ ಬಾಟಲಿಯಲ್ಲಿ ಏನೂ ಇರಲಿಲ್ಲ. ಅಲ್ಲಿಗೆ ಊಟದ ಮಾತು ಮುಗಿಯಿತು. ಮಗಳದ್ದನ್ನು ಮತ್ತೆ ನೋಡಿದೆ. ಅಲ್ಲಿ ಟೆಸ್ಟೋಸ್ಟಿರಾನ್ ಒಂದೇ ಇರಲಿಲ್ಲ. ಅದರ ಸುತ್ತ ಅರ್ಧ ಬೆಂದ ಅಣುಗಳ ಗುಂಪೇ ಇತ್ತು, ಎಣ್ಣೆಯಂಶ ಹಾರ್ಮೋನಾಗುವ ದಾರಿಯಲ್ಲಿ ನಡುವೆ ಹುಟ್ಟುವಂಥವು. ಕಾರ್ಖಾನೆಯವರು ಇವನ್ನೆಲ್ಲ ಸೋಸಿ ಬಿಸಾಡುತ್ತಾರೆ. ಯಾವ ಗುಳಿಗೆಯಲ್ಲೂ ಇಷ್ಟು ಕಸ ಇರಲು ಸಾಧ್ಯವಿಲ್ಲ.

ನಮ್ಮ ನಿರ್ದೇಶಕ ವರದರಾಜ್ ಮೈಸೂರಿನವರು, ಮಾತಿನಲ್ಲಿ ನಯ, ನಿಯಮದಲ್ಲಿ ಕಟ್ಟುನಿಟ್ಟು. “ಇದೆ ಅಥವಾ ಇಲ್ಲ ಅನ್ನೋದಷ್ಟೇ ನಮ್ಮ ಕೆಲಸ, ವತ್ಸಲಾ. ಹೇಗೆ ಬಂತು ಅಂತ ಹುಡುಕೋಕೆ ನಾವೇನು ಪೊಲೀಸರಾ?”

“ಹೇಗೆ ಅಂತ ಕೇಳಬಾರದು ಅಂದರೆ ಯಂತ್ರ ಒಂದೇ ಸಾಕಲ್ಲ ಸರ್, ನನಗ್ಯಾಕೆ ಸಂಬಳ?”

ಅವರು ನಕ್ಕರು. ಹುಡುಕುವುದಿದ್ದರೆ ರಜೆ ಹಾಕಿ ಹುಡುಕಿ ಎಂದರು.

ಆ ಸಂಜೆ ಮನೆಯಲ್ಲಿ ನನ್ನ ಗಂಡನ ಜೊತೆ ಇದೇ ಚರ್ಚೆ. ಕೇಶವ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಾರೆ, ಮನೆಯಲ್ಲೂ ಅದನ್ನು ಬಿಡುವುದಿಲ್ಲ. “ನಾ ಚಹಾ ಇಲ್ಲದ ಪಾಠ ಮಾಡಾಂವಲ್ಲ. ಹಂಗಾದ್ರ ನನ್ನ ಪಾಠ ಡೋಪಿಂಗ್ ಏನು? ಚಸ್ಮಾ ಹಾಕ್ಕೊಂಡು ಪರೀಕ್ಷಾ ಬರದವ್ರ ಮಾರ್ಕ್ಸ್ ಕಡೀತೀರೇನು? ಬೆಟ್ಟದ ಮ್ಯಾಲ ಹುಟ್ಟಿದವ್ರ ರಕ್ತ ದಪ್ಪ ಇರ್ತೈತಿ, ಅವ್ರನ್ಯಾಕ ಬಿಡ್ತೀರಿ?”

“ಎಲ್ಲರ್ನೂ ಬಿಟ್ಟುಬಿಡೋಣೇನು? ಆಮೇಲೆ ಯಾರು ಜಾಸ್ತಿ ನುಂಗ್ತಾರ ಅನ್ನೂದ ಆಟ ಆಗ್ತೈತಿ. ಹದಿನೈದು ವರ್ಷದ ಹುಡುಗ್ಯಾರ ಯಕೃತ್ತು ಕೊಳೀತೈತಿ, ನೀವು ಗ್ಯಾಲರಿಯಾಗ ಕೂತು ಚಪ್ಪಾಳೆ ತಟ್ರಿ.”

“ನಾ ಬಿಡ್ರಿ ಅನ್ನಲಿಲ್ಲ. ಗೆರಿ ಎಲ್ಲಿ ಐತಿ ಅಂತ ಕೇಳಿದೆ,” ಎಂದರು. ನಾನು ಸಿಟ್ಟಿನಿಂದ ಎದ್ದು ಅಡುಗೆಮನೆಗೆ ಹೋದೆ. ಪಾತ್ರೆ ತಿಕ್ಕುತ್ತ ನಿಂತವಳಿಗೆ ಒಮ್ಮೆಲೇ ಒಂದು ಸಂಗತಿ ಹೊಳೆಯಿತು. ಕಾರ್ಖಾನೆಗಳಲ್ಲಿ ಸೋಯಾ ಎಣ್ಣೆಯಂಶವನ್ನು ಹಾರ್ಮೋನಾಗಿ ಮುರಿಯುವ ಕೆಲಸ ಮಾಡುವುದು ಮನುಷ್ಯರಲ್ಲ, ಒಂದು ಸೂಕ್ಷ್ಮಾಣು. ದೊಡ್ಡ ಟಾಕಿಗಳಲ್ಲಿ ಅದನ್ನು ಸಾಕುತ್ತಾರೆ. ಮೂಲದಲ್ಲಿ ಅದು ಮಣ್ಣಿನದು. ಕಸ್ತೂರಿ ಸಹಿ ಮಾಡುವಾಗ ನಾನು ಅವಳ ಕೈ ನೋಡಿದ್ದೆ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು ಕೂತಿತ್ತು.

ಗೊಡಚಿಹಾಳದ ಗರಡಿ ಊರ ನಡುವೆ, ಮಾರುತಿ ಗುಡಿಗೆ ಅಂಟಿಕೊಂಡೇ ಇದೆ. ಉಸ್ತಾದ ಭೀಮಶಿ ನೀಲವ್ವನ ಅಣ್ಣ. ಎಪ್ಪತ್ತು ದಾಟಿದ ಆಸಾಮಿ, ನಾನು ಹೋದಾಗ ಗುದ್ದಲಿ ಹಿಡಿದು ಕಣದ ಮಣ್ಣು ಕೆದರುತ್ತಿದ್ದರು. ಬೆನ್ನು ಕಂಡವರು ಮೂವತ್ತರ ಪೈಲವಾನ ಎನ್ನಬೇಕು. ಊರ ಹುಡುಗರೆಲ್ಲ ಜಿಮ್ಮಿನ ಪಾಲಾಗಿ ಗರಡಿ ಬಣಗುಟ್ಟಿದಾಗ, ಹೆಣ್ಣಿಗೆ ಪ್ರವೇಶವಿಲ್ಲದ ಆ ಕಣಕ್ಕೆ ಸೊಸೆಯಾಗಬೇಕಿದ್ದ ತಂಗಿಯ ಮಗಳನ್ನೇ ಇಳಿಸಿದವರು ಅವರು. ಊರವರು ಬೈದರಂತೆ. “ಬೈಯ್ಲಿ ಬಿಡ್ರಿ. ಖಾಲಿ ಕಣ ನೋಡ್ಕೋತ ಕೂತ್ರ ಮಾರುತಿ ಬೈತಿದ್ದ,” ಎಂದರು.

ಚಪ್ಪಲಿ ಬಿಟ್ಟು ಕಣಕ್ಕಿಳಿದೆ. ಮಣ್ಣು ಬೆಣ್ಣೆಯಷ್ಟು ಮೆತ್ತಗಿತ್ತು, ಮಜ್ಜಿಗೆ ಅರಿಶಿನದ ವಾಸನೆ. ಅದನ್ನು ಹದ ಮಾಡುವ ಬಗೆ ಕೇಳಿದೆ.

“ಪಂಚಮಿ ಆದ ಮ್ಯಾಲ ಹೊಸ ಮಣ್ಣು ತರ್ತೀವ್ರಿ. ಸಾಣಿಸಿ ಮಜ್ಜಿಗಿ, ಅರಿಶಿಣ, ನಿಂಬಿಹಣ್ಣಿನ ರಸ ಹಾಕಿ ತುಳೀತೀವಿ. ಆದ್ರ ಒಂದ ಬುಟ್ಟಿ ಹಳೇ ಮಣ್ಣು ಕೂಡಿಸ್ಲೇಬೇಕು. ನಮ್ಮಜ್ಜನ ಕಾಲದಿಂದ ಹಂಗ. ಮಣ್ಣೂ ಹಾಲಿನಂಗ ರೀ, ಹೆಪ್ಪು ಇಲ್ಲಂದ್ರ ಕೂಡೂದಿಲ್ಲ.”

“ಎಣ್ಣಿ?”

“ಎಣ್ಣಿ ನಾವು ಹಾಕೂದಿಲ್ಲ. ಮಾರುತಿ ಹಾಕ್ತಾನ.” ಅವರು ಗುಡಿಯ ಗೋಡೆಯ ಕಡೆ ಬೊಟ್ಟು ಮಾಡಿದರು. ಶನಿವಾರ ಶನಿವಾರ ಇಡೀ ಊರು ಮಾರುತಿಗೆ ಕುಸುಬೆ ಎಣ್ಣೆ ಎರೆಯುತ್ತದೆ, ಊರ ಗಾಣದ್ದು, ತಳದ ಗಷ್ಟು ಸಮೇತ. ದೇವರ ಮೈಮೇಲಿಂದ ಇಳಿದ ಎಣ್ಣೆಯನ್ನು ಜನ ಚಪ್ಪಲಿ ಕಾಲಲ್ಲಿ ತುಳಿಯಬಾರದು. ಚಪ್ಪಲಿ ಮೆಟ್ಟದ ಜಾಗ ಊರಲ್ಲಿ ಗರಡಿಯ ಕಣವೊಂದೇ. ಅದಕ್ಕೇ ಹಿಂದಿನವರು ಕಲ್ಲಿನ ದೋಣಿ ಕೊರೆದು ಆ ಎಣ್ಣೆಯನ್ನು ಕಣಕ್ಕೆ ತಿರುಗಿಸಿದ್ದರು. ಎಷ್ಟು ತಲೆಮಾರಿನ ಎಣ್ಣೆ ಅಲ್ಲಿ ಇಂಗಿತ್ತೋ!

ಚೀಲದಿಂದ ಡಬ್ಬಿ ತೆಗೆದೆ. ಮಣ್ಣು ತುಂಬಿಕೊಂಡೆ. ಉಸ್ತಾದರ ಮುಂದೆ ಬಾಟಲಿ ಹಿಡಿದಾಗ ಅವರು ನಾಚಿ ನೀರಾದರು. “ನಂದ್ಯಾಕ್ರಿ ಬಾಯಾರ?” ನೀಲವ್ವ ಗದರಿದ ಮೇಲೆ ಒಳಗೆ ಹೋದರು.

ಫಲಿತಾಂಶ ಬಂದಾಗ ವರದರಾಜರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಎಪ್ಪತ್ತು ದಾಟಿದ ಮುದುಕರಲ್ಲಿ ಪ್ರಾಯದವನ ಹಾರ್ಮೋನು, ಅದೂ ಕುಸುಬೆಯದು. ಮಣ್ಣಿನಲ್ಲಿ ಆ ಸೂಕ್ಷ್ಮಾಣು ತುಂಬಿ ತುಳುಕುತ್ತಿತ್ತು. ಬೇರೆ ಊರುಗಳ ಗರಡಿ ಮಣ್ಣನ್ನೂ ತರಿಸಿದೆವು. ಸೂಕ್ಷ್ಮಾಣು ಅಲ್ಲೂ ಅಲ್ಲಲ್ಲಿ ಇತ್ತು, ಆದರೆ ಹೊಟ್ಟೆಗಿಲ್ಲದೆ ಸೊರಗಿತ್ತು. ಗೊಡಚಿಹಾಳದ್ದು ಮಾತ್ರ ವಾರವಾರ ಎಣ್ಣೆ ಉಂಡು, ವರ್ಷವರ್ಷ ಹೆಪ್ಪಿನ ಬುಟ್ಟಿಯಲ್ಲಿ ಮುಂದಿನ ಮಣ್ಣಿಗೆ ದಾಟಿ, ಎಣ್ಣೆಯ ಅಂಶವನ್ನು ಹಾರ್ಮೋನು ಮಾಡುವುದರಲ್ಲಿ ಪಳಗಿತ್ತು. ಪೈಲವಾನರು ಆ ಮಣ್ಣನ್ನೇ ಮೈಗೆ ತಿಕ್ಕಿಕೊಳ್ಳುತ್ತಾರೆ. ಎಣ್ಣೆಯಲ್ಲಿ ಕರಗಿದ ಹಾರ್ಮೋನಿಗೆ ಚರ್ಮ ದಾಟುವುದು ಏನೂ ಕಷ್ಟವಲ್ಲ.

“ಅಂದರೆ ಒಂದು ಇಡೀ ಊರು, ದೇವರ ಕೈಯಿಂದ, ತನ್ನ ಪೈಲವಾನರಿಗೆ ಔಷಧ ಕೊಡ್ತಾ ಬಂದಿದೆ,” ಎಂದರು ವರದರಾಜ್. “ಇದನ್ನ ಯಾವ ಕಲಮಿಗೆ ಹಾಕೋಣ?”

ಸುದ್ದಿ ಹೇಳಲು ನಾನೇ ಊರಿಗೆ ಹೋದೆ. ಉಸ್ತಾದರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, “ಹೆಣ್ಮಕ್ಕಳ್ನ ಕಣಕ್ಕ ಯಾಕ ಬಿಡ್ತಿದ್ದಿಲ್ಲ ಅಂತ ಈಗ ತಿಳೀತು. ಹಿರ್ಯಾರಿಗೆ ಗೊತ್ತಿತ್ತು,” ಎಂದರು.

ನೀಲವ್ವ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. “ಏನೂ ಗೊತ್ತಿದ್ದಿಲ್ಲ ಅವರಿಗೆ. ಗೊತ್ತಿದ್ರ ಹೇಳ್ತಿದ್ರು. ಬಿಡಬಾರದು ಅನ್ನಸ್ತು, ಬಿಡ್ಲಿಲ್ಲ, ಅಷ್ಟ. ಈಗ ಅದಕ್ಕ ಶಾಸ್ತ್ರ ಹಚ್ಚಬ್ಯಾಡ ಅಣ್ಣಾ.”

ಉಸ್ತಾದರು ತಲೆ ತಗ್ಗಿಸಿದರು. ಕಸ್ತೂರಿ ಹೊಸ್ತಿಲಲ್ಲಿ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡು ನಾನು ಬಂದಿದ್ದೆ.

ವಿಚಾರಣೆ ಬೆಂಗಳೂರಿನಲ್ಲಿ. ಮೂವರ ಸಮಿತಿ ನನ್ನ ಮಾತನ್ನು ಕಥೆ ಕೇಳುವ ಮಕ್ಕಳಂತೆ ಕೇಳಿತು. ತೀರ್ಪು ನಿಯಮದಂತೆಯೇ ಬಂತು. ಹುಡುಗಿಯ ತಪ್ಪಿಲ್ಲ, ನಿಷೇಧವಿಲ್ಲ. ಆದರೆ ಮೈಯಲ್ಲಿ ಔಷಧವಿದ್ದದ್ದು ನಿಜ, ಆದ್ದರಿಂದ ಫೈನಲ್‌ನ ಗೆಲುವು ರದ್ದು, ಗದೆ ಮೃಣಾಲಳಿಗೆ. ಇನ್ನು ಮುಂದೆ ಗೊತ್ತಿದ್ದೂ ಆ ಮಣ್ಣಿಗಿಳಿದರೆ ಅದು ಕಳ್ಳತನವೇ. ಹೊರಗೆ ನಿಂತಿದ್ದ ಮೃಣಾಲ ಪತ್ರಕರ್ತರಿಗೆ, “ಮಣ್ಣೋ ಗುಳಿಗೆಯೋ, ನನ್ನನ್ನು ಕೆಡವಿದ್ದು ಅವಳಲ್ಲ,” ಎಂದು ಹೇಳಿದ್ದಳು. ಅದು ಒಳಗಿದ್ದ ನಮಗೂ ತಲುಪಿತ್ತು.

ಅಧ್ಯಕ್ಷರು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕಸ್ತೂರಿ ಎದ್ದಳು.

“ಒಂದ ಕೇಳ್ತೀನ್ರಿ. ಆ ಕುಸ್ತಿಯಾಗ ನಂದೆಷ್ಟು, ಮಣ್ಣಿಂದೆಷ್ಟು?”

ಮೂವರೂ ನನ್ನ ಕಡೆ ನೋಡಿದರು. ಇಂಗಾಲದ ಅಣುಅಣುವನ್ನು ಎಣಿಸುವ ಯಂತ್ರ ನನ್ನ ಹತ್ತಿರ ಇದೆ. ಈ ಪ್ರಶ್ನೆಗೆ ಯಂತ್ರವಿಲ್ಲ. ಹಾಗೆಂದೇ ಹೇಳಿದೆ. ಅವಳು ಸಣ್ಣಗೆ ತಲೆಯಾಡಿಸಿದಳು.

“ಹಂಗಾದ್ರ ನಾನ ಅಳದು ನೋಡ್ತೀನಿ. ಮೈಯಾಗಿಂದೆಲ್ಲಾ ಇಳೀಲಿ. ಮುಂದಿನ ಲೀಗಿನ್ಯಾಗ ಆಕೀ ಜೋಡಿ ಮತ್ತ ಕುಸ್ತಿ ಹಿಡೀತೀನಿ.”

ಅಷ್ಟರಲ್ಲಿ ಸುದ್ದಿ ಹಬ್ಬಿ ಊರಿಗೆ ಕಾರುಗಳು ಬರತೊಡಗಿದವು. ಜಿಮ್ಮಿನವರು, ಔಷಧ ಕಂಪನಿಯವರು, ಗಂಡಸುತನ ಕುಂದಿದೆ ಎಂದು ಕೊರಗುವವರು, ಎಲ್ಲರಿಗೂ ಒಂದು ಮುಷ್ಟಿ ಮಣ್ಣು ಬೇಕು. ಗೋಡೆ ಹಾರಿ ಕದ್ದವರೂ ಉಂಟು. ಊರಲ್ಲೇ ಎರಡು ಪಕ್ಷವಾಯಿತು. ದೇವರು ಕೊಟ್ಟದ್ದನ್ನು ಬಿಡಬಾರದು ಎಂದು ಒಂದು, ಹೆಣ್ಣುಮಗಳ ಮೈ ಕೆಡಿಸಿದ್ದು ದೇವರಿಗೂ ಬೇಡ ಎಂದು ಇನ್ನೊಂದು.

ನಾನು ಉಸ್ತಾದರಿಗೆ ಖಾಸಗಿಯಾಗಿ ಹೇಳಿದೆ: “ನಿಮಗ ಯಾವ ನಿಯಮಾನೂ ಇಲ್ಲ. ನೀವು ಆಟಗಾರರಲ್ಲ. ಈ ಮಣ್ಣಿನಿಂದ ನಿಮ್ಮ ಮೊಣಕಾಲು, ಎಲುಬು ಗಟ್ಟಿ ಅದಾವ. ಒಮ್ಮೆಲೇ ಬಿಟ್ರ ನಿಮಗ ತ್ರಾಸ ಆಗ್ತೈತಿ.”

“ಎಷ್ಟು ತ್ರಾಸ?”

“ಮುಪ್ಪು ಬರ್ತೈತಿ.”

ಅವರು ಜೋರಾಗಿ ನಕ್ಕರು. “ಬರಬೇಕಾದ ನೆಂಟ ಬಾಯಾರ. ಬಾಗಲಾ ಹಾಕಿ ನಿಂದ್ರಸಿದ್ದೆ ಅಂತ ಈಗ ಗೊತ್ತಾತು. ಹುಡುಗಿ ಈ ಕಣಕ್ಕ ಮತ್ತ ಇಳೀಬೇಕು. ಇಕಿ ಇಳಿಯಾಕ ಆಗದ ಗರಡಿ ಇಟ್ಕೊಂಡು ನಾ ಏನ್ ಮಾಡ್ಲಿ?”

ಕಬ್ಬಿನ ಸೀಮೆಯಲ್ಲಿ ಕೊಪ್ಪರಿಗೆಗಳಿಗೆ ಬರವಿಲ್ಲ. ಬೆಲ್ಲ ಕಾಯಿಸುವ ಒಲೆಗಳ ಮೇಲೆ ಕೊಪ್ಪರಿಗೆ ಏರಿಸಿ, ಕಣದ ಮಣ್ಣನ್ನೆಲ್ಲ ಸರದಿಯಲ್ಲಿ ಸುರಿದು, ರವೆ ಹುರಿದಂತೆ ಹುರಿದರು. ಅಷ್ಟು ಕಾಲದ ಎಣ್ಣೆ ಹೊಗೆಯಾಗಿ ಊರನ್ನೆಲ್ಲ ಕವಿಯಿತು. ಹೆಪ್ಪಿನ ಬುಟ್ಟಿಯನ್ನು ಉಸ್ತಾದರು ತಾವೇ ತಂದು ಕೊನೆಗೆ ಸುರಿದರು. ಹುಟ್ಟಿನಿಂದ ಮಣ್ಣು ಮಗುಚುತ್ತಿದ್ದವರ ಕಣ್ಣಲ್ಲೆಲ್ಲ ನೀರು. ಹೊಗೆಗೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ವಿಜ್ಞಾನಿಯಾಗಿ ನನಗೆ ಹೊಟ್ಟೆ ಉರಿಯಬೇಕಿತ್ತು, ಉರಿಯಿತು ಕೂಡ. ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಜೀವವೊಂದು ನನ್ನೆದುರೇ ಸುಟ್ಟುಹೋಗುತ್ತಿತ್ತು. ಸಾಕ್ಷ್ಯವೆಂದು ಸೀಲಾದ ಒಂದು ನಳಿಗೆಯಷ್ಟು ನಮ್ಮ ಶೀತಪೆಟ್ಟಿಗೆಯಲ್ಲಿ ಉಳಿದಿದೆ ಎಂದು ಸಮಾಧಾನ ಹೇಳಿಕೊಂಡೆ. ಮಾರುತಿಯ ಎಣ್ಣೆಗೆ ಈಗ ಒಂದು ತಾಮ್ರದ ಹಂಡೆ ಇಟ್ಟಿದ್ದಾರೆ, ಅದರಿಂದ ಗುಡಿಯ ನಂದಾದೀಪ ಉರಿಯುತ್ತದೆ.

ಆಮೇಲೆ ನೀಲವ್ವ ಆಗಾಗ ಫೋನು ಮಾಡುತ್ತಿದ್ದಳು. ಒಂದು ದಿನ ಹಲೋ ಕೂಡ ಅನ್ನದೆ, “ಆಕಿ ಮುಟ್ಟಾದ್ಲು ರೀ ಮೇಡಂ!” ಎಂದು ಕೂಗಿದಳು. ನಾನು ಸಭೆಯಲ್ಲಿದ್ದೆ, ಸುತ್ತಲಿದ್ದವರಿಗೆಲ್ಲ ಕೇಳಿಸಿತು. ದನಿ ಮಾತ್ರ ಹಿಂದಿನಂತಾಗಲಿಲ್ಲ, ಆಗುವುದೂ ಇಲ್ಲ. ಭುಜ ಇಳಿಯಿತು. ಮೊದಲು ಆಟದಂತೆ ಎತ್ತುತ್ತಿದ್ದ ಚೀಲವನ್ನು ಈಗ ಹೆಣಗಾಡಿ ಎತ್ತುತ್ತಾಳೆ ಎಂದು ತಾಯಿ ನೊಂದುಕೊಂಡಳು. ಕಸ್ತೂರಿ ಫೋನು ಕಸಿದುಕೊಂಡು, “ಹೆಣಗಾಡೂದ ತಾಲೀಮು ರೀ, ಅವ್ವಗ ತಿಳಿಯೂದಿಲ್ಲ,” ಎಂದಳು. ಉಸ್ತಾದರು ಕೋಲು ಹಿಡಿದರು. ಮುಂದಿನ ಪಂಚಮಿಗೆ ನಾನು ನೋಡಿದಾಗ ಆ ಬೆನ್ನು ಬಾಗಿತ್ತು, ಕಣದ ದಂಡೆಯ ಮೇಲೆ ಕೂತು ಕೋಲಿನಿಂದಲೇ ಪಟ್ಟು ತೋರಿಸುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಮುಂದಿನ ಲೀಗಿನಲ್ಲಿ ಅವಳೂ ಮೃಣಾಲಳೂ ಎದುರಾದದ್ದು ಸೆಮಿಫೈನಲ್‌ನಲ್ಲಿ, ಹುಬ್ಬಳ್ಳಿಯ ಕ್ರೀಡಾಂಗಣದಲ್ಲಿ. ಬಾಟಲಿ ಸಂಗ್ರಹಿಸುವವರ ಜೊತೆ ನಾನೂ ಹೋಗಿದ್ದೆ. ಒಂದು ಪಕ್ಷದವಳಾಗಿ ಕುಸ್ತಿ ನೋಡುವುದು ನನ್ನ ಕೆಲಸಕ್ಕೆ ಸಲ್ಲದು, ಆದರೆ ನೋಡಿದ್ದು ಹಾಗೆಯೇ. ಮೊದಲ ಸುತ್ತಿನಲ್ಲಿ ಮೃಣಾಲ ಅವಳನ್ನು ಎರಡು ಸಲ ಚಾಪೆಯಾಚೆ ದಬ್ಬಿದಳು. ಬಲಕ್ಕೆ ಬಲ ಕೊಟ್ಟರೆ ಆಗದು ಎಂದು ಕಸ್ತೂರಿಗೆ ಗೊತ್ತಾಯಿತು. ಎರಡನೇ ಸುತ್ತಿನಲ್ಲಿ ಅವಳು ಹಿಂದೆ ಸರಿಯುತ್ತ, ಎದುರಾಳಿಯ ಭಾರವನ್ನೇ ಎಳೆದುಕೊಳ್ಳುತ್ತ, ಕಾಲಿಗೆ ಕಾಲು ಹಾಕಿ ಕೆಡವತೊಡಗಿದಳು. ಹೋದ ವರ್ಷ ಇವೆಲ್ಲ ಅವಳಿಗೆ ಬೇಕೇ ಇರಲಿಲ್ಲ. ಅಂಕ ಸಮವಾಯಿತು. ನೀಲವ್ವ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ಕೊನೆಯ ಗಳಿಗೆಯಲ್ಲಿ ಮೃಣಾಲ ಅವಳ ಪಾದವನ್ನು ಗೆರೆಯಾಚೆ ನೂಕಿದಳು. ಒಂದು ಪಾಯಿಂಟು. ಸೀಟಿ ಕೇಳಿಸಿತು.

ಸೋತಳು. ನನಗೆ ಅಳು ಬಂತು, ಅದನ್ನು ಮುಚ್ಚಿಡುವಷ್ಟು ಸಮಯವೂ ಇರಲಿಲ್ಲ. ಮಣ್ಣು ಹುರಿದು, ಮುದುಕರನ್ನು ಮುಪ್ಪಿಗೆ ಒಪ್ಪಿಸಿ, ಅವಳ ಬಲ ಇಳಿಸಿ, ನಾನು ಗಳಿಸಿಕೊಟ್ಟದ್ದು ಇದೇನಾ ಎನ್ನಿಸಿತು. ಚಾಪೆಯ ಮೇಲೆ ಮೃಣಾಲ ಕೈ ಚಾಚಿದಳು. ಕಸ್ತೂರಿ ಆ ಕೈ ಹಿಡಿದೇ ಎದ್ದಳು. ಮೃಣಾಲ ಅವಳ ಕಿವಿಯಲ್ಲಿ ಏನೋ ಹೇಳಿದಳು, ಹೇಳಿ ಅವಳ ಕೈಯನ್ನೂ ತನ್ನ ಕೈಯೊಂದಿಗೆ ಮೇಲೆತ್ತಿದಳು.

ಕಸ್ತೂರಿ ನೇರ ನಮ್ಮ ಕಡೆ ಬಂದಳು. ಏದುಸಿರು ಬಿಡುತ್ತಿದ್ದಳು, ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ನಗುತ್ತಿದ್ದಳು.

“ಯಾಕ ಅಳ್ತೀರಿ ಮೇಡಂ?” ಆ ಒಡೆದ ದನಿಯಲ್ಲಿ ಕೇಳಿದಳು. “ಹೋದ ವರ್ಷ ಗೆದ್ದಾಗ ಹಿಂಗ ಖುಷಿ ಆಗಿದ್ದಿಲ್ಲ. ಆ ಗೆಲುವಿನ್ಯಾಗ ನಂದೆಷ್ಟಿತ್ತು ಅಂತ ನನಗ ಇನ್ನೂ ಗೊತ್ತಿಲ್ಲ. ಈ ಸೋಲು ಮಾತ್ರ ಪೂರಾ ನಂದ. ಬರೇ ಒಂದ ಪಾಯಿಂಟ್ ರೀ, ಒಂದ!”

ಮೃಣಾಲ ಕಿವಿಯಲ್ಲಿ ಏನು ಹೇಳಿದಳು ಎಂದು ನೀಲವ್ವ ಕೇಳಿದಳು.

“‘ಇವತ್ತು ನನ್ನ ಜೋಡಿ ಕುಸ್ತಿ ಹಿಡದಾಕಿ ನೀನ’ ಅಂದ್ಲು,” ಎಂದು ಹೇಳಿ, ಕಸ್ತೂರಿ ಹುಬ್ಬಿನ ರಕ್ತವನ್ನು ಮೊಣಕೈಯಿಂದ ಒರೆಸಿಕೊಂಡು ನನ್ನ ಮುಂದೆ ಕೈ ಚಾಚಿದಳು. “ಎಲ್ಲಿ, ಬಾಟ್ಲಿ ಕೊಡ್ರಿ.”